ಗುಡ್ಡ ಜಾರುವ ಮುನ್ನ ಸೆನ್ಸರ್‌ಗೆ ತಿಳಿಯುವುದು ಹೇಗೆ? ಅರೆಹೊಟ್ಟೆಯ ಕಾವಲುಗಾರರ ಲೆಕ್ಕಾಚಾರ

ಮಳೆಗಾಲದಲ್ಲಿ ಎಲ್ಲಾದರೂ ಗುಡ್ಡ ಕುಸಿದು ಜೀವಹಾನಿ ಆದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಮಂಗಳ ಗ್ರಹಕ್ಕೆ ನೌಕೆ ಕಳಿಸುವ ದೇಶಕ್ಕೆ ಗುಡ್ಡದ ಮೇಲೆ ನಾಲ್ಕು ಸೆನ್ಸರ್ ಇಡಲು ಆಗುವುದಿಲ್ಲವೇ? 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಈ ಪ್ರಶ್ನೆ ಕೇಳಿಬಂತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗ ಮತ್ತೆ ಕೇಳಿಬಂತು. ಅದಾಗಿ ಎರಡೇ ವಾರಕ್ಕೆ, ಜುಲೈ 30ರ ನಡುರಾತ್ರಿ ಕಳೆದ ಮೇಲೆ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಕೊಚ್ಚಿಹೋದಾಗ ಇನ್ನೂ ಜೋರಾಗಿ ಕೇಳಿಬಂತು.

ಸೆನ್ಸರ್ ಇಡಲು ಖಂಡಿತ ಆಗುತ್ತದೆ, ಇಟ್ಟದ್ದೂ ಇದೆ. ಕೇರಳದ ಇಡುಕ್ಕಿ ಜಿಲ್ಲೆಯ ಮುನ್ನಾರ್‌ನಲ್ಲಿ ಅಮೃತ ವಿಶ್ವವಿದ್ಯಾಪೀಠದ ಸಂಶೋಧಕರು ನೆಲದೊಳಗೆ ಸೆನ್ಸರ್‌ಗಳನ್ನು ಹೂತು, ತಂತಿಯಿಲ್ಲದೆ ಒಂದಕ್ಕೊಂದು ಮಾತಾಡುವ ಜಾಲವೊಂದನ್ನು ಕಟ್ಟಿದರು. 2009ರ ಮಳೆಗಾಲದಲ್ಲಿ ಆ ಜಾಲದ ಆಧಾರದಲ್ಲಿ ಜನರಿಗೆ ಎಚ್ಚರಿಕೆಯನ್ನೂ ಕೊಡಲಾಯಿತು. ಮುಂದೆ ಸಿಕ್ಕಿಂನಲ್ಲೂ ಅಂಥ ಜಾಲ ಬಂತು. ಹಾಗಾದರೆ ಪ್ರತಿ ಗುಡ್ಡಕ್ಕೂ ಯಾಕಿಲ್ಲ? ಹಣ, ಆಡಳಿತ, ಇಚ್ಛಾಶಕ್ತಿ ಎಲ್ಲವೂ ಇದರಲ್ಲಿ ಸೇರಿವೆ, ನಿಜ. ಆದರೆ ಅವುಗಳ ಹಿಂದೆ ಸುದ್ದಿಯಲ್ಲಿ ಬಾರದ ಇನ್ನೊಂದು ತೊಡಕಿದೆ. ಕಾಡಿನೊಳಗೆ ಕೂತ ಸೆನ್ಸರ್‌ಗೆ ದಿನಕ್ಕೆ ಸಿಗುವ ವಿದ್ಯುತ್ ಅಷ್ಟಿಷ್ಟು ಮಾತ್ರ. ಅಷ್ಟರಲ್ಲೇ ಅದು ಬದಲಾವಣೆಯನ್ನು ಬೇಗ ಹಿಡಿಯಬೇಕು, ಸುಮ್ಮಸುಮ್ಮನೆ ಕೂಗಲೂಬಾರದು. ಈ ಮೂರನ್ನೂ ಒಟ್ಟಿಗೆ ಸಾಧಿಸುವುದು ಹೇಗೆ ಎನ್ನುವುದೇ ಒಂದು ಗಣಿತದ ಸಮಸ್ಯೆ. ಅದನ್ನಿಲ್ಲಿ ಬಿಡಿಸಿ ನೋಡೋಣ.

ಸೆನ್ಸರ್ ನೋಡುವುದು ಏನನ್ನು?

ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಮಳೆ ಬಿಡದೆ ಸುರಿದಾಗ ಆ ಸಂದುಗಳಲ್ಲಿ ನೀರು ತುಂಬಿ, ಅದರ ಒತ್ತಡ ಕಣಗಳನ್ನು ಒಂದರಿಂದೊಂದು ದೂರ ತಳ್ಳತೊಡಗುತ್ತದೆ. ಕಣ ಕಣಗಳ ನಡುವಿನ ತಿಕ್ಕಾಟ ಕಡಿಮೆಯಾದಂತೆ ಇಳಿಜಾರಿನ ಹಿಡಿತ ಸಡಿಲಗೊಳ್ಳುತ್ತದೆ. ಈ ಒತ್ತಡವನ್ನು ಅಳೆಯಲು ಪೀಜೋಮೀಟರ್ ಎಂಬ ಉಪಕರಣವನ್ನು ಆಳದಲ್ಲಿ ಹೂಳುತ್ತಾರೆ. ಜೊತೆಗೆ ನೆಲ ಕೂದಲೆಳೆಯಷ್ಟು ವಾಲಿದರೂ ಹೇಳುವ ವಾಲುಮಾಪಕ, ನೆಲದ ಕಂಪನ ಹಿಡಿಯುವ ಜಿಯೋಫೋನ್, ಮೇಲೊಂದು ಮಳೆಮಾಪಕ ಇರುತ್ತವೆ.

ಇಲ್ಲಿ ‘ಹಠಾತ್ ಬದಲಾವಣೆ’ ಎಂದರೆ ಅಳತೆಯ ಅಂಕಿ ದಿಢೀರನೆ ಆಕಾಶಕ್ಕೆ ಹಾರುವುದು ಎಂದೇನಲ್ಲ. ಅಳತೆಗಳು ಸದಾ ಏರಿಳಿಯುತ್ತಲೇ ಇರುತ್ತವೆ. ಲಾರಿ ಹೋದರೆ ಕಂಪನ, ಬಿಸಿಲಿಗೆ ನೆಲ ಹಿಗ್ಗಿದರೆ ವಾಲು, ಉಪಕರಣದ್ದೇ ಸಣ್ಣಪುಟ್ಟ ತಪ್ಪುಗಳು ಬೇರೆ. ಈ ಗದ್ದಲದ ಹಿಂದೆ ಒಂದು ನಡತೆ ಇರುತ್ತದೆ, ಒಂದು ಹೊತ್ತಿನಲ್ಲಿ ಆ ನಡತೆ ಬದಲಾಗುತ್ತದೆ. ಬದಲಾದದ್ದು ಚಿಕ್ಕದಾಗಿರಬಹುದು, ಗದ್ದಲದೊಳಗೆ ಮುಚ್ಚಿಹೋಗಿರಬಹುದು. ಅದನ್ನು ಆದಷ್ಟು ಬೇಗ ಕಂಡುಹಿಡಿಯಬೇಕು.

ಕೆಲಸಕ್ಕಿಂತ ಕಾಯುವುದೇ ದುಬಾರಿ

ನಮ್ಮಲ್ಲಿ ಅನೇಕರಿಗೆ ಒಂದು ನಂಬಿಕೆ ಇದೆ: ಇಂಥ ಉಪಕರಣಗಳಲ್ಲಿ ಸಂದೇಶ ಕಳಿಸುವಾಗ ಮಾತ್ರ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ, ಸುಮ್ಮನೆ ಕೇಳಿಸಿಕೊಂಡು ಕೂತರೆ ಏನೂ ಖರ್ಚಿಲ್ಲ ಎಂದು. ವಾಸ್ತವ ಬೇರೆ. ಸಂಶೋಧನೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟೆಲೋಸ್‌ಬಿ ಎಂಬ ಪುಟ್ಟ ಸೆನ್ಸರ್ ಸಾಧನದ ರೇಡಿಯೊ ಸಂದೇಶ ಕಳಿಸುವಾಗ ಸುಮಾರು 17 ಮಿಲಿಆಂಪ್ ಎಳೆಯುತ್ತದೆ. ಯಾರಾದರೂ ಮಾತಾಡಿಯಾರು ಎಂದು ಕಿವಿಗೊಟ್ಟು ಕೂತಾಗ ಸುಮಾರು 19! ಕಳಿಸುವುದಕ್ಕಿಂತ ಕಾಯುವುದೇ ತುಸು ದುಬಾರಿ.

ಒಂದು ಸರಳ ಲೆಕ್ಕ ಮಾಡೋಣ. ಗಡಿಯಾರಕ್ಕೆ ಹಾಕುವಂಥ ಎರಡು ಶೆಲ್ಲುಗಳಲ್ಲಿ ಸುಮಾರು 2,500 ಮಿಲಿಆಂಪ್-ಗಂಟೆಯಷ್ಟು ದಾಸ್ತಾನು ಇದೆ ಎಂದಿಟ್ಟುಕೊಳ್ಳಿ. ರೇಡಿಯೊ ಸದಾ ಚಾಲೂ ಇದ್ದು 20 ಮಿಲಿಆಂಪ್ ಎಳೆದರೆ 125 ಗಂಟೆ, ಅಂದರೆ ಐದು ದಿನ ದಾಟುವುದರಲ್ಲಿ ಶೆಲ್ಲು ಖಾಲಿ. ಅದೇ ಸಾಧನ ಪೂರ್ತಿ ನಿದ್ದೆಯಲ್ಲಿದ್ದು ಒಂದು ಮಿಲಿಆಂಪಿನ ನೂರರಲ್ಲೊಂದು ಪಾಲು ಮಾತ್ರ ಎಳೆದರೆ, ಕಾಗದದ ಮೇಲೆ 28 ವರ್ಷ ಬರುತ್ತದೆ. ಅಷ್ಟು ವರ್ಷ ಶೆಲ್ಲೇ ಉಳಿಯುವುದಿಲ್ಲ ಎನ್ನುವುದು ಬೇರೆ ಮಾತು. ಪ್ರತಿ 100 ಸೆಕೆಂಡಿಗೆ ಒಂದು ಸೆಕೆಂಡು ಮಾತ್ರ ಎದ್ದರೆ ಸುಮಾರು 17 ತಿಂಗಳು. ಅಂದರೆ ಸೆನ್ಸರಿನ ಆಯುಷ್ಯ ನಿಂತಿರುವುದು ಅದು ಎಷ್ಟು ಕೆಲಸ ಮಾಡುತ್ತದೆ ಎನ್ನುವುದಕ್ಕಿಂತ ಎಷ್ಟು ನಿದ್ದೆ ಮಾಡುತ್ತದೆ ಎನ್ನುವುದರ ಮೇಲೆ.

ಮಲೆನಾಡಿನಲ್ಲಿ ಗದ್ದೆಗೆ ಹಂದಿ ಬರುತ್ತದೆಂದು ರಾತ್ರಿ ಅಟ್ಟಣಿಗೆ ಮೇಲೆ ಕಾವಲು ಕೂರುವವರಿಗೆ ಇದನ್ನು ವಿವರಿಸಬೇಕಿಲ್ಲ. ಟಾರ್ಚನ್ನು ರಾತ್ರಿಯಿಡೀ ಉರಿಸಿದರೆ ನಡುರಾತ್ರಿಗೇ ಶೆಲ್ಲು ಮುಗಿದು, ಹಂದಿ ಬರುವ ಹೊತ್ತಿಗೆ ಕತ್ತಲು. ಉರಿಸದೇ ಇದ್ದರೆ ಬೆಳೆ ಹೋಗುತ್ತದೆ. ಅವರು ಮಾಡುವುದೇನು? ಆಗೊಮ್ಮೆ ಈಗೊಮ್ಮೆ ಒಂದು ಸುತ್ತು ಬೆಳಕು ಹಾಯಿಸುತ್ತಾರೆ. ಎಲ್ಲೋ ಸರಸರ ಸದ್ದಾದರೆ ಆ ಕಡೆಗೆ ಮತ್ತೆ ಮತ್ತೆ ಹಾಯಿಸುತ್ತಾರೆ. ಈ ಜಾಣತನವನ್ನು ಸೂತ್ರಕ್ಕೆ ಇಳಿಸುವುದು ಹೇಗೆ ಎನ್ನುವುದೇ ಮುಂದಿನ ಕಥೆ.

ಅನುಮಾನವನ್ನು ಕೂಡಿಡುವ ಲೆಕ್ಕ

ಎಚ್ಚರಿಕೆ ಕೊಡಲು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಒಂದು ಮಿತಿ ಇಡುವುದು: ಅಳತೆ ಇಷ್ಟು ದಾಟಿದರೆ ಗಂಟೆ ಬಾರಿಸು. ಇದು ಅಷ್ಟೇನೂ ಒಳ್ಳೆಯ ಉಪಾಯವಲ್ಲ. ಯಾಕೆಂದು ನೋಡಲು ನಾವೇ ಮಾಡಿಕೊಂಡ ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಳಿಜಾರು ಸರಿಯಿದ್ದಾಗ ಸೆನ್ಸರ್ ಸರಾಸರಿ 10 ತೋರಿಸುತ್ತದೆ, ಸಡಿಲವಾದ ಮೇಲೆ ಸರಾಸರಿ 12. ಬಂದ ಅಳತೆಗಳು ಹೀಗಿವೆ: 9, 12, 8, 11, 10, 13, 11, 14, 10, 13. ಬದಲಾವಣೆ ಆದದ್ದು ಆರನೆಯ ಅಳತೆಯಿಂದ. ಮಿತಿಯನ್ನು 12ಕ್ಕೆ ಇಟ್ಟರೆ ಎರಡನೆಯ ಅಳತೆಗೇ ಸುಳ್ಳು ಎಚ್ಚರಿಕೆ. 15ಕ್ಕೆ ಇಟ್ಟರೆ ಎಚ್ಚರಿಕೆಯೇ ಇಲ್ಲ.

1954ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಇ. ಎಸ್. ಪೇಜ್ ಬೇರೊಂದು ದಾರಿ ತೋರಿಸಿದರು. ಅವರ ಮುಂದಿದ್ದದ್ದು ಗುಡ್ಡವಲ್ಲ, ಕಾರ್ಖಾನೆ: ಯಂತ್ರದಿಂದ ಬರುವ ವಸ್ತುಗಳ ಗುಣಮಟ್ಟ ಕೆಡತೊಡಗಿದ್ದನ್ನು ಬೇಗ ಹಿಡಿಯುವುದು ಹೇಗೆಂಬ ಪ್ರಶ್ನೆ. ಪೇಜ್ ಹೇಳಿದ್ದು ಇಷ್ಟು: ಒಂದೊಂದು ಅಳತೆಯನ್ನೂ ಪ್ರತ್ಯೇಕವಾಗಿ ನೋಡಬೇಡಿ, ಅನುಮಾನವನ್ನು ಕೂಡಿಸುತ್ತಾ ಹೋಗಿ, ಮೊತ್ತ ಸೊನ್ನೆಗಿಂತ ಕೆಳಗಿಳಿದರೆ ಮತ್ತೆ ಸೊನ್ನೆಯಿಂದ ಆರಂಭಿಸಿ. ನಮ್ಮ ಉದಾಹರಣೆಯಲ್ಲಿ 10 ಮತ್ತು 12ರ ನಡುವಿನ 11ನ್ನು ಪ್ರತಿ ಅಳತೆಯಿಂದ ಕಳೆದು ಉಳಿದದ್ದನ್ನು ಮೊತ್ತಕ್ಕೆ ಸೇರಿಸಬೇಕು. ಆಗ ಮೊತ್ತ ಹೀಗೆ ಸಾಗುತ್ತದೆ: 0, 1, 0, 0, 0, 2, 2, 5, 4, 6. ಮೊದಲ ಐದು ಅಳತೆಗಳಲ್ಲಿ ನೆಲಕ್ಕಂಟಿಕೊಂಡಿದ್ದ ಮೊತ್ತ, ಬದಲಾವಣೆಯ ನಂತರ ಏರತೊಡಗುತ್ತದೆ. ಮೊತ್ತ 6 ಮುಟ್ಟಿದರೆ ಎಚ್ಚರಿಕೆ ಎಂದಿಟ್ಟುಕೊಂಡರೆ ಹತ್ತನೆಯ ಅಳತೆಗೆ ಗಂಟೆ ಬಾರಿಸುತ್ತದೆ. ಹನ್ನೆರಡು ಎಂಬ ಒಂಟಿ ಅಳತೆಗೆ ಅದು ಮೋಸಹೋಗಲಿಲ್ಲ, 14ನ್ನು ದಾಟುವ ಅಳತೆ ಬರಲಿ ಎಂದು ಕಾಯಲೂ ಇಲ್ಲ. ಕ್ಯುಸಮ್ ಎಂದು ಕರೆಯುವ ಈ ವಿಧಾನವನ್ನು ಇಂದು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಫಲಿತಾಂಶಗಳ ಮೇಲೆ ಕಣ್ಣಿಡುವುದಕ್ಕೂ ಬಳಸುತ್ತಾರೆ. ಒಂದು ಕೂಡು, ಒಂದು ಕಳೆ, ಒಂದು ಹೋಲಿಕೆ: ಅಗ್ಗದ ಚಿಪ್ಪಿಗೂ ಇಷ್ಟು ಸಾಧ್ಯ.

ಮಿತಿ 6 ಯಾಕೆ, 4 ಅಥವಾ 10 ಯಾಕಲ್ಲ? ಈ ಗಣಿತದ ಅತ್ಯಂತ ಸುಂದರ ಫಲಿತಾಂಶ ಇರುವುದು ಇಲ್ಲಿಯೇ. ಮಿತಿಯನ್ನು ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದರೆ ವಿಳಂಬ ಕೂಡುತ್ತಾ ಹೋಗುತ್ತದೆ, ಆದರೆ ಎರಡು ಸುಳ್ಳು ಎಚ್ಚರಿಕೆಗಳ ನಡುವಿನ ಕಾಲ ಗುಣಿಸುತ್ತಾ ಹೋಗುತ್ತದೆ. ಒಂದು ಸರಳ ಬಡ್ಡಿಯಂತೆ, ಇನ್ನೊಂದು ಚಕ್ರಬಡ್ಡಿಯಂತೆ. ಅಂದರೆ ತುಸು ತಡೆದು ಹೇಳಲು ಒಪ್ಪಿಕೊಂಡರೆ ಸುಳ್ಳು ಎಚ್ಚರಿಕೆಗಳು ಬಹುಪಾಲು ಮಾಯವಾಗುತ್ತವೆ.

ಸುಳ್ಳು ಎಚ್ಚರಿಕೆಗೆ ಇಷ್ಟು ಹೆದರುವುದು ಯಾಕೆ, ಜೀವ ಉಳಿಯುವುದು ಮುಖ್ಯವಲ್ಲವೇ ಎಂದು ಕೇಳಬಹುದು. ಸುರಿವ ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ, ಕೊಟ್ಟಿಗೆಯ ದನಕರು ಬಿಟ್ಟು, ವಯಸ್ಸಾದವರನ್ನು ಎತ್ತಿಕೊಂಡು ಶಾಲೆಯ ಕಾಳಜಿ ಕೇಂದ್ರಕ್ಕೆ ಹೋಗುವುದು ಸಣ್ಣ ಸಂಗತಿಯಲ್ಲ. ಒಮ್ಮೆ ಹೋದರು, ಏನೂ ಆಗಲಿಲ್ಲ. ಇನ್ನೊಮ್ಮೆ ಹೋದರು, ಏನೂ ಆಗಲಿಲ್ಲ. ಮೂರನೆಯ ಸಲ ಸೈರನ್ ಕೂಗಿದರೆ ಕಿಟಕಿ ಮುಚ್ಚಿ ಮಲಗುವವರನ್ನು ಬೈಯುವ ಹಕ್ಕು ನಮಗಿಲ್ಲ. ಮೂರನೆಯದೇ ನಿಜವಾಗಿದ್ದರೆ ಹಿಂದಿನ ಎರಡು ಸುಳ್ಳು ಎಚ್ಚರಿಕೆಗಳೇ ಅವರ ಜೀವ ತೆಗೆದಂತೆ.

ಅರೆಹೊಟ್ಟೆಯಲ್ಲಿ ಕಾವಲು

ಇಲ್ಲಿಯವರೆಗಿನ ಲೆಕ್ಕ ಪ್ರತಿ ಗಳಿಗೆಯೂ ಅಳತೆ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಸೌರಶಕ್ತಿಯಿಂದ ಓಡುವ ಸೆನ್ಸರ್‌ಗೆ ಆ ಸೌಭಾಗ್ಯವಿಲ್ಲ. ಬಂದ ವಿದ್ಯುತ್ ಅರ್ಧದಷ್ಟು ಅಳತೆಗಳಿಗೆ ಮಾತ್ರ ಸಾಲುತ್ತದೆ ಎಂದಾದರೆ, ಕಣ್ಣುಮುಚ್ಚಿ ಒಂದು ಬಿಟ್ಟು ಒಂದು ಸಲ ಅಳೆಯಬಹುದು. ಆಗ ಸಾಕ್ಷ್ಯ ಅರ್ಧ ವೇಗದಲ್ಲಿ ಕೂಡುತ್ತದೆ, ವಿಳಂಬ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಇದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯ. ಇಲಿನಾಯ್ ವಿಶ್ವವಿದ್ಯಾಲಯದ ತಪೋಷ್ ಬ್ಯಾನರ್ಜಿ ಮತ್ತು ವೇಣುಗೋಪಾಲ್ ವೀರವಳ್ಳಿ ಸುಮಾರು ಒಂದು ದಶಕದ ಹಿಂದೆ ಪೇಜ್ ಅವರ ವಿಧಾನಕ್ಕೆ ಒಂದು ಸಣ್ಣ ತಿದ್ದುಪಡಿ ಸೂಚಿಸಿದರು. ಮೊತ್ತ ಸೊನ್ನೆಗಿಂತ ಕೆಳಗಿಳಿದಾಗ ಅದನ್ನು ಕೂಡಲೇ ಸೊನ್ನೆಗೆ ತರಬೇಡಿ. ಎಷ್ಟು ಕೆಳಗಿಳಿಯಿತೋ ಅದಕ್ಕೆ ತಕ್ಕಷ್ಟು ಹೊತ್ತು ಅಳತೆಯನ್ನೇ ಬಿಟ್ಟು ನಿದ್ದೆ ಮಾಡಿ, ಆಮೇಲೆ ಸೊನ್ನೆಯಿಂದ ಎದ್ದು ಮುಂದುವರಿಸಿ. ನಮ್ಮ ಉದಾಹರಣೆಯ ಮೊದಲ ಅಳತೆ 9, ಮೊತ್ತ ಸೊನ್ನೆಗಿಂತ ಎರಡು ಕೆಳಗೆ. ಅಂದರೆ ಗುಡ್ಡ ಗಟ್ಟಿಯಾಗಿಯೇ ಇದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ, ಎರಡು ಸರದಿ ನಿದ್ದೆ ಮಾಡಬಹುದು. ಮೊತ್ತ ಮೇಲೇರುತ್ತಿದ್ದರೆ ನಿದ್ದೆಯಿಲ್ಲ, ಪ್ರತಿ ಸರದಿಯೂ ಅಳತೆ. ಉಳಿತಾಯ ಆಗುವುದೆಲ್ಲ ಗುಡ್ಡ ಸರಿಯಿದ್ದ ದಿನಗಳಲ್ಲಿ, ಖರ್ಚಾಗುವುದೆಲ್ಲ ಅನುಮಾನ ಬಂದ ಮೇಲೆ. ಸುಳ್ಳು ಎಚ್ಚರಿಕೆ ಬಹಳ ಅಪರೂಪವಾಗಿರಬೇಕು ಎಂಬ ಸಂದರ್ಭದಲ್ಲಿ, ಹೀಗೆ ನಿದ್ದೆ ಮಾಡಿದರೂ ವಿಳಂಬ ಸದಾ ಎಚ್ಚರವಿದ್ದ ವಿಧಾನದಷ್ಟೇ ಇರುತ್ತದೆ, ಹೆಚ್ಚಾದರೂ ಬೆಳೆಯದ ಒಂದು ಸಣ್ಣ ಮೊತ್ತದಷ್ಟು ಎಂದು ಅವರು ಗಣಿತದಿಂದ ತೋರಿಸಿದರು. ಅಟ್ಟಣಿಗೆಯ ಕಾವಲುಗಾರ ಸರಿ ಎಂದು ಸಿದ್ಧವಾದಂತಾಯಿತು!

ಇದೇ ಯೋಚನೆಯನ್ನು ಒಂದು ಸೆನ್ಸರ್ ಬಿಟ್ಟು ಇಡೀ ಜಾಲಕ್ಕೆ ಅನ್ವಯಿಸಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದಾರೆ. ಅಲ್ಲಿನ ಕೆ. ಪ್ರೇಮ್‌ಕುಮಾರ್ ಮತ್ತು ಅನುರಾಗ್ ಕುಮಾರ್ 2008ರಲ್ಲಿ ಮಂಡಿಸಿದ ಕೆಲಸದ ವಿಷಯ ಗುಡ್ಡವಲ್ಲ, ಒಂದು ಪ್ರದೇಶದೊಳಗೆ ಯಾರಾದರೂ ನುಗ್ಗಿದ್ದನ್ನು ಬೇಗ ಪತ್ತೆಹಚ್ಚುವುದು. ಹತ್ತಾರು ಸೆನ್ಸರ್‌ಗಳಿರುವಾಗ ಎಲ್ಲವೂ ಎಚ್ಚರವಿರುವ ಅಗತ್ಯವಿಲ್ಲ. ಈ ಕ್ಷಣದ ಅನುಮಾನ ಎಷ್ಟಿದೆಯೋ ಅದನ್ನು ನೋಡಿ ಮುಂದಿನ ಸರದಿಗೆ ಎಷ್ಟು ಸೆನ್ಸರ್‌ಗಳನ್ನು ಎಬ್ಬಿಸಬೇಕೆಂದು ತೀರ್ಮಾನಿಸಬಹುದು. ರಾತ್ರಿ ಗಸ್ತಿನವರು ಒಬ್ಬನನ್ನು ಎಬ್ಬಿಸಿಟ್ಟು, ಸದ್ದಾದರೆ ಉಳಿದವರನ್ನು ಕೂಗುವ ಪದ್ಧತಿಯೇ ಇದು.

ಹಾಗೆಂದು ಉಳಿಸಿಟ್ಟುಕೊಳ್ಳುವುದೇ ಸದಾ ಜಾಣತನ ಎಂದೂ ಅಲ್ಲ. ಬ್ಯಾಟರಿ ತುಂಬಿದ ಮೇಲೆ ಬೀಳುವ ಬಿಸಿಲೆಲ್ಲ ವ್ಯರ್ಥ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ. ಜಿಪುಣ ಸೆನ್ಸರ್ ಬಿಸಿಲಿನ ದಿನ ನಿದ್ದೆ ಮಾಡಿ ತನಗೆ ಬಂದದ್ದನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಬೇಕು: ಅನುಮಾನ ಎಷ್ಟಿದೆ, ಬ್ಯಾಟರಿಯಲ್ಲಿ ಎಷ್ಟಿದೆ. ಬ್ಯಾಟರಿ ತುಂಬಿದ್ದರೆ ಅನುಮಾನವಿಲ್ಲದಿದ್ದರೂ ಧಾರಾಳವಾಗಿ ಅಳೆಯಬಹುದು. ತಳ ಕಂಡಿದ್ದರೆ ಸಣ್ಣ ಅನುಮಾನಕ್ಕೆಲ್ಲ ಏಳಬಾರದು.

ದೊಡ್ಡ ಫಲಕ ಹಾಕಿದರೆ ಮುಗಿಯಿತಲ್ಲ?

ಇಷ್ಟೆಲ್ಲ ಯಾಕೆ, ದೊಡ್ಡ ಸೌರಫಲಕ ಹಾಕಿದರಾಯಿತಲ್ಲ ಎನ್ನಬಹುದು. ನ್ಯಾಯವಾದ ಪ್ರಶ್ನೆ. ನಡುಹಗಲ ಚುರುಕು ಬಿಸಿಲಿನಲ್ಲಿ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು 100 ಮಿಲಿವ್ಯಾಟ್ ಬೀಳುತ್ತದೆ, ಒಳ್ಳೆಯ ಫಲಕ ಅದರ ಐದನೇ ಒಂದು ಭಾಗವನ್ನು ವಿದ್ಯುತ್ ಮಾಡುತ್ತದೆ. ನಮ್ಮ ಪುಟ್ಟ ರೇಡಿಯೊಗೆ ಬೇಕಾದದ್ದು ಸುಮಾರು 60 ಮಿಲಿವ್ಯಾಟ್, ಹಾಗಾಗಿ ಅಂಚೆಚೀಟಿಗಿಂತ ಚಿಕ್ಕ ಫಲಕವೇ ಸಾಕು ಎನಿಸುತ್ತದೆ. ಆದರೆ ಆ ಬಿಸಿಲು ದಿನದ ಇಪ್ಪತ್ನಾಲ್ಕು ಗಂಟೆಯೂ ಇರುವುದಿಲ್ಲ, ಹೆಚ್ಚೆಂದರೆ ಐದು ಗಂಟೆಯ ಬಿಸಿಲಿಗೆ ಸಮ. ಆಷಾಢದ ಕಪ್ಪು ಮೋಡದಡಿ ಬೆಳಕು ಹತ್ತರಲ್ಲೊಂದು ಪಾಲಿಗೋ ಅದಕ್ಕೂ ಕಡಿಮೆಗೋ ಇಳಿಯುತ್ತದೆ. ಅಷ್ಟಕ್ಕೇ ಅಂಚೆಚೀಟಿಯ ಫಲಕ ಪೋಸ್ಟ್‌ಕಾರ್ಡ್ ಅಳತೆಗೆ ಬಂತು. ಇದರ ಮೇಲೆ ಮರದ ನೆರಳು, ಫಲಕದ ಮೇಲೆ ಕಟ್ಟುವ ಪಾಚಿ, ಮುರಿದು ಬೀಳುವ ಕೊಂಬೆ. ಮೊಬೈಲ್ ಟವರಿಗೋ ಉಪಗ್ರಹಕ್ಕೋ ಸಂದೇಶ ಮುಟ್ಟಿಸಬೇಕಾದ ಮುಖ್ಯ ಸಾಧನಕ್ಕೆ ಬೇಕಾದ ವಿದ್ಯುತ್ ಇದರ ಎಷ್ಟೋ ಪಟ್ಟು.

ಬಯಲಿನಲ್ಲಿ ಒಂದು ಕಂಬ, ಅದಕ್ಕೊಂದು ದೊಡ್ಡ ಫಲಕ, ಕೆಳಗೊಂದು ದೊಡ್ಡ ಬ್ಯಾಟರಿ ನಿಲ್ಲಿಸುವುದು ಸುಲಭ. ಒಂದೆರಡು ಕಡೆ ಹಾಗೆಯೇ ಮಾಡಬೇಕು ಕೂಡ. ನೂರಾರು ಇಳಿಜಾರುಗಳಲ್ಲಿ, ಕಾಡಿನ ನೆರಳಿನಲ್ಲಿ, ವರ್ಷಕ್ಕೊಮ್ಮೆ ಮಾತ್ರ ಯಾರೋ ಹೋಗಿ ನೋಡುವ ಜಾಗಗಳಲ್ಲಿ ಅದು ನಡೆಯುವುದಿಲ್ಲ.

ಇಲ್ಲಿ ಪ್ರಕೃತಿಯದೇ ಒಂದು ವಕ್ರತೆ ಇದೆ. ಕಾಡ್ಗಿಚ್ಚನ್ನು ಕಾಯುವ ಸೆನ್ಸರ್‌ಗೆ ಅಪಾಯದ ಕಾಲವೇ ಬಿಸಿಲಿನ ಕಾಲ. ಬಂಡೀಪುರ ಹೊತ್ತಿ ಉರಿದದ್ದು 2019ರ ಫೆಬ್ರುವರಿಯಲ್ಲಿ, ಸೌರಫಲಕಕ್ಕೆ ಹಬ್ಬದ ದಿನಗಳು. ಗುಡ್ಡ ಕಾಯುವ ಸೆನ್ಸರ್‌ನ ಪಾಡು ತಿರುಗುಮುರುಗು. ವಾರಗಟ್ಟಲೆ ಸೂರ್ಯ ಕಾಣದೆ ಬ್ಯಾಟರಿ ಬರಿದಾದಾಗಲೇ ಗುಡ್ಡ ಜಾರುವುದು. ಎಂಟು ತಿಂಗಳ ಬಿಸಿಲು ಹೊಟ್ಟೆ ತುಂಬಿಸುತ್ತದೆ, ಆಗ ಕೆಲಸವಿಲ್ಲ. ಕೆಲಸ ಬಂದಾಗ ಊಟವಿಲ್ಲ. ಹಾಗಾಗಿ ವರ್ಷದ ಸರಾಸರಿ ಬಿಸಿಲು ನೋಡಿ ಬ್ಯಾಟರಿ ಲೆಕ್ಕ ಹಾಕುವುದು ನಮ್ಮ ದೃಷ್ಟಿಯಲ್ಲಿ ದೊಡ್ಡ ತಪ್ಪು. ಲೆಕ್ಕ ಹಾಕಬೇಕಾದದ್ದು ಅತಿ ಕೆಟ್ಟ ಎರಡು ವಾರಗಳನ್ನು ನೋಡಿ.

ಈ ವಕ್ರತೆಗೆ ಒಂದು ಸರಳ ಉಪಾಯವೂ ಉಂಟು. ಓಲಾಡುವ ಬುಟ್ಟಿಯ ಮಳೆಮಾಪಕದಲ್ಲಿ ನಿಗದಿತ ಪ್ರಮಾಣದ ಮಳೆ, ಅನೇಕ ಮಾಪಕಗಳಲ್ಲಿ 0.2 ಮಿಲಿಮೀಟರ್, ತುಂಬಿದೊಡನೆ ಪುಟ್ಟ ಬುಟ್ಟಿ ತಾನೇ ಮಗುಚಿಕೊಳ್ಳುತ್ತದೆ. ಮಗುಚುವಾಗ ಅದಕ್ಕಂಟಿದ ಅಯಸ್ಕಾಂತ ಒಂದು ಸ್ವಿಚ್ಚನ್ನು ಮುಚ್ಚಿ ತೆರೆಯುತ್ತದೆ. ಬುಟ್ಟಿಯನ್ನು ಮಗುಚುವ ಶಕ್ತಿ ಮಳೆಯದ್ದೇ, ಬ್ಯಾಟರಿಯದ್ದಲ್ಲ. ಒಂದು ಗಂಟೆಯಲ್ಲಿ ಬುಟ್ಟಿ ಎಷ್ಟು ಸಲ ಮಗುಚಿತು ಎಂದು ಎಣಿಸಲು ನಿದ್ದೆಯಲ್ಲಿರುವ ಚಿಪ್ಪಿಗೂ ಸಾಧ್ಯ. ಎಣಿಕೆ ಹೆಚ್ಚಿದಾಗ ಮಾತ್ರ ಪೀಜೋಮೀಟರನ್ನು ಎಬ್ಬಿಸಿ, ಅದರ ಅನುಮಾನ ಏರಿದರೆ ವಾಲುಮಾಪಕ, ಕೊನೆಗೆ ಸೆಕೆಂಡಿಗೆ ನೂರಾರು ಅಳತೆ ಬೇಡುವ ದುಬಾರಿ ಜಿಯೋಫೋನ್. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ದೂರದಿಂದ ಮಾಹಿತಿ ಕಳಿಸುವ ಮಳೆಮಾಪಕಗಳಿವೆ, ಅಂದರೆ ಮೊದಲ ಮೆಟ್ಟಿಲು ನಮ್ಮಲ್ಲಿ ಬಹುಮಟ್ಟಿಗೆ ಸಿದ್ಧವಿದೆ. ಮಳೆಯ ಅಂಕಿಯೊಂದನ್ನೇ ನೆಚ್ಚಿ ಎಚ್ಚರಿಕೆ ಕೊಟ್ಟರೆ ಮಾತ್ರ ಸುಳ್ಳು ಎಚ್ಚರಿಕೆಗಳು ಹೆಚ್ಚು, ಯಾಕೆಂದರೆ ಮಲೆನಾಡಿನಲ್ಲಿ ಭಾರಿ ಮಳೆ ಸುರಿದ ದಿನಗಳಲ್ಲಿ ಹೆಚ್ಚಿನ ಗುಡ್ಡಗಳು ಜಾರುವುದೇ ಇಲ್ಲ.

ಮೌನದ ಅರ್ಥವೇನು?

ವಿದ್ಯುತ್ ಉಳಿಸುವ ಇನ್ನೊಂದು ದಾರಿ ಮಾತು ಕಡಿಮೆ ಮಾಡುವುದು. ಒಂದು ಬಿಟ್ ಮಾಹಿತಿಯನ್ನು ರೇಡಿಯೊದಲ್ಲಿ ಕಳಿಸುವ ಖರ್ಚಿನಲ್ಲಿ ಚಿಪ್ಪು ನೂರಾರು, ಸಾವಿರಾರು ಸಣ್ಣ ಲೆಕ್ಕ ಮಾಡಿ ಮುಗಿಸಬಹುದು. ಆದ್ದರಿಂದ ಅಳತೆಗಳನ್ನೆಲ್ಲ ಕಳಿಸದೆ, ಮೊತ್ತವನ್ನು ಅಲ್ಲೇ ಕೂಡಿ, ಹೇಳುವಂಥದ್ದು ಇದ್ದಾಗ ಮಾತ್ರ ಹೇಳುವುದು ಲಾಭ. ಆಗ ಕೇಂದ್ರಕ್ಕೆ ಮೌನವೂ ಒಂದು ಸುದ್ದಿ: “ಇಲ್ಲಿ ವಿಶೇಷವೇನಿಲ್ಲ.”

ತೊಂದರೆ ಇರುವುದೂ ಇಲ್ಲೇ. ಬ್ಯಾಟರಿ ಬರಿದಾದ ಸೆನ್ಸರ್ ಕೂಡ ಮೌನವಾಗಿರುತ್ತದೆ. ಮರ ಬಿದ್ದು ನುಜ್ಜಾದದ್ದೂ ಮೌನ, ಜಾರಿದ ಮಣ್ಣಿನೊಂದಿಗೆ ಕೊಚ್ಚಿಹೋದದ್ದೂ ಮೌನ. ಬಿರುಮಳೆಯ ಹತ್ತನೆಯ ದಿನ ಹತ್ತು ಸೆನ್ಸರ್‌ಗಳಲ್ಲಿ ಏಳು ಸುಮ್ಮನಿದ್ದರೆ ಅದನ್ನು ಕ್ಷೇಮ ಸಮಾಚಾರ ಎಂದುಕೊಳ್ಳಬೇಕೇ, ಅಪಾಯ ಎಂದುಕೊಳ್ಳಬೇಕೇ? ಇದಕ್ಕಾಗಿ ಸೆನ್ಸರ್‌ಗಳು ಸುದ್ದಿಯಿಲ್ಲದಿದ್ದರೂ ನಿಗದಿತ ಹೊತ್ತಿಗೊಮ್ಮೆ “ಇದ್ದೇನೆ” ಎಂದು ಹೇಳುವಂತೆ ಮಾಡುತ್ತಾರೆ, ಜೊತೆಗೆ ಬ್ಯಾಟರಿಯಲ್ಲಿ ಎಷ್ಟಿದೆ ಎಂದೂ. ಬ್ಯಾಟರಿ ಇಳಿಯುತ್ತಾ ಬಂದು ನಿಂತ ಸೆನ್ಸರ್‌ನ ಮೌನವೇ ಬೇರೆ, ಸಾಕಷ್ಟು ಬ್ಯಾಟರಿ ಇದ್ದೂ ದಿಢೀರನೆ ನಿಂತದ್ದರ ಮೌನವೇ ಬೇರೆ. ಎರಡನೆಯದು ಅಕ್ಕಪಕ್ಕದ ಎರಡು ಮೂರು ಸೆನ್ಸರ್‌ಗಳಲ್ಲಿ ಒಟ್ಟಿಗೇ ಕಂಡರೆ, ಅದನ್ನೇ ಒಂದು ಅಳತೆ ಎಂದು ಪರಿಗಣಿಸಿ ಅನುಮಾನದ ಮೊತ್ತಕ್ಕೆ ಸೇರಿಸಬೇಕಾಗುತ್ತದೆ. “ಇದ್ದೇನೆ” ಎನ್ನುವುದಕ್ಕೂ ಖರ್ಚಿದೆ, ಹಾಗಾಗಿ ಎಷ್ಟು ಹೊತ್ತಿಗೊಮ್ಮೆ ಎನ್ನುವುದೂ ಮತ್ತೆ ಅದೇ ತಕ್ಕಡಿಗೆ ಬರುತ್ತದೆ.

ಇಷ್ಟೆಲ್ಲ ಸರಿಯಾದರೂ ಸೆನ್ಸರ್ ಕಾಯುವುದು ತಾನು ನಿಂತ ಇಳಿಜಾರನ್ನು ಮಾತ್ರ. ವಯನಾಡಿನಲ್ಲಿ ಮಣ್ಣು, ಬಂಡೆ, ನೀರು ಹೊರಟದ್ದು ಮೇಲಿನ ಗುಡ್ಡದ ನೆತ್ತಿಯಲ್ಲಿ, ಜನ ಮಲಗಿದ್ದದ್ದು ಕಿಲೋಮೀಟರುಗಳಷ್ಟು ಕೆಳಗಿನ ಹೊಳೆದಂಡೆಯಲ್ಲಿ. ಮನೆಗಳ ಹಿಂದಿನ ದಿಬ್ಬಕ್ಕೆ ಸೆನ್ಸರ್ ಇಟ್ಟಿದ್ದರೆ ಅದು ಕೊನೆಯವರೆಗೂ ‘ಎಲ್ಲ ಸರಿಯಿದೆ’ ಎಂದೇ ಹೇಳುತ್ತಿತ್ತೇನೋ. ಶಿರೂರಿನಂಥ ಕಡೆ ರಸ್ತೆಗಾಗಿ ಕಡಿದ ಗುಡ್ಡದ ಕಡಿದಾದ ಅಂಚು ಯಾವುದು ಎಂಬುದು ಕಣ್ಣಿಗೇ ಕಾಣುತ್ತದೆ, ಅಲ್ಲಿ ಎಲ್ಲಿ ಇಡಬೇಕೆಂಬ ಪ್ರಶ್ನೆ ಸ್ವಲ್ಪ ಸುಲಭ. ಜಾರುವ ಜಾಗ ಯಾವುದೆಂದು ಭೂವಿಜ್ಞಾನಿಗಳು ಮೊದಲು ಗುರುತಿಸಿಕೊಡಬೇಕು, ಯಾವಾಗ ಎನ್ನುವುದನ್ನು ಮಾತ್ರ ಈ ಅರೆಹೊಟ್ಟೆಯ ಕಾವಲುಗಾರರು ಹೇಳಬಲ್ಲರು.